ಕಪ್ಪು ಶೇಲ್ ಮತ್ತು ಕಡಲತಳದ ಆಮ್ಲಜನಕ

ಪ್ರಶ್ನೆ: ಕಡಲತಳದ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದಾಗ ಕಪ್ಪು ಶೇಲ್ (ಕೆಸರು ಗಟ್ಟಿಯಾಗಿ ಆದ ಪದರಶಿಲೆ) ಉಂಟಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅದೇ ಶಿಲೆಯಲ್ಲಿ ತಳವಾಸಿ ಸೂಕ್ಷ್ಮಜೀವಿಗಳ ಪಳೆಯುಳಿಕೆ ಸಿಗುವುದು ಹೇಗೆ?

ಉತ್ತರ: ಶೇಲ್‌ಗೆ ಕಪ್ಪು ಬಣ್ಣ ಬರುವುದು ಮುಖ್ಯವಾಗಿ ಕೊಳೆಯದೆ ಉಳಿದ ಸಾವಯವ ಪದಾರ್ಥದಿಂದ. ಆಮ್ಲಜನಕವಿಲ್ಲದ ನೀರಿನಲ್ಲಿ ಅದು ಸುಲಭವಾಗಿ ಉಳಿಯುತ್ತದೆಂಬುದು ನಿಜ. ಆದರೆ ಮೇಲ್ಮೈ ನೀರಿನಲ್ಲಿ ಪಾಚಿಗಳು ಹೇರಳವಾಗಿ ಬೆಳೆದು, ಅವುಗಳ ಅವಶೇಷ ಕೊಳೆಯುವುದಕ್ಕಿಂತ ವೇಗವಾಗಿ ತಳದಲ್ಲಿ ಹೂತುಹೋದರೆ, ಅಲ್ಲಿ ಅಲ್ಪಸ್ವಲ್ಪ ಆಮ್ಲಜನಕವಿದ್ದರೂ ಕೆಸರು ಕಪ್ಪಾಗಿಯೇ ಗಟ್ಟಿಯಾಗಬಹುದು. ಬಣ್ಣವನ್ನಷ್ಟೇ ನೆಚ್ಚಿ ತಳವನ್ನು ನಿರ್ಜೀವವೆಂದು ಸಾರುವುದು ಅವಸರದ ತೀರ್ಮಾನ.

ಪಳೆಯುಳಿಕೆಗಳೆಲ್ಲವೂ ಈ ವಿಷಯದಲ್ಲಿ ಸಾಕ್ಷಿ ಹೇಳಲಾರವು. ಡೆವೋನಿಯನ್ ಕಾಲದ (ಸುಮಾರು 42ರಿಂದ 36 ಕೋಟಿ ವರ್ಷಗಳ ಹಿಂದಿನ) ಶೇಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಟಾಸ್ಮನೈಟಿಸ್ ಎಂಬ ಪಾಚಿಕೋಶಗಳು ಮೇಲ್ಮೈಯಲ್ಲಿ ತೇಲುತ್ತಿದ್ದಂಥವು, ಕೊನೊಡಾಂಟ್‌ಗಳು ಈಜುತ್ತಿದ್ದ ಪ್ರಾಣಿಗಳ ಹಲ್ಲಿನಂಥ ಭಾಗಗಳು. ಸತ್ತ ಮೇಲೆ ಕೆಳಗೆ ಬಿದ್ದ ಇವುಗಳಿಂದ ತಳದ ನೀರಿನ ಸ್ಥಿತಿ ತಿಳಿಯುವುದಿಲ್ಲ. ಅದಕ್ಕೆ ಬೇಕಾದುದು ಕೆಸರಿನಲ್ಲೇ ಬದುಕಿದ ಜೀವಿ, ಉದಾಹರಣೆಗೆ ಕವಚ ಕಟ್ಟಿಕೊಳ್ಳುವ ಏಕಕೋಶ ಜೀವಿಗಳಾದ ತಳವಾಸಿ ಫೊರಾಮಿನಿಫೆರಾ.

ಇಲ್ಲಿಯೇ ಈ ವಿಷಯದ ಅತ್ಯಂತ ಕುತೂಹಲಕರ ಭಾಗವಿದೆ. ಅಮೆರಿಕದ ಭೂವಿಜ್ಞಾನಿ ಯುರ್ಗೆನ್ ಶೀಬರ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೆವೋನಿಯನ್ ಕಪ್ಪು ಶೇಲ್‌ಗಳೊಳಗೆ ಬಹಳ ಕಾಲ ಕೇವಲ ಹೂಳಿನ ಕಣಗಳ ಗುಂಪುಗಳೆಂದು ಕಡೆಗಣಿಸಲ್ಪಟ್ಟಿದ್ದ ಮಸೂರದಾಕಾರದ ಸಣ್ಣ ಕ್ವಾರ್ಟ್ಜ್ ತುಣುಕುಗಳು ನಿಜವಾಗಿ ಫೊರಾಮಿನಿಫೆರಾಗಳ ಕವಚಗಳೆಂದು ತೋರಿಸಿದರು. ಈ ಏಕಕೋಶ ಜೀವಿಗಳು ಸೂಕ್ಷ್ಮವಾದ ಕ್ವಾರ್ಟ್ಜ್ ಕಣಗಳನ್ನು ಆಯ್ದು ಅಂಟಿಸಿಕೊಂಡು ಕವಚ ಕಟ್ಟುತ್ತಿದ್ದವು. ಮೇಲಿನ ಹೂಳಿನ ಭಾರಕ್ಕೆ ಅದು ಚಪ್ಪಟೆಯಾದಾಗ ಒಳಗಿನ ಟೊಳ್ಳು ಕುಸಿದು ನಡುವೆ ಒಂದು ತೆಳುಗೆರೆ ಉಳಿಯುತ್ತದೆ. ಪದರಕ್ಕೆ ಲಂಬವಾಗಿ ಕೊಯ್ದು ನಯಗೊಳಿಸಿದ ಶಿಲೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಗೆರೆಯೇ ಜೀವಿಯ ಗುರುತು. ಸುಣ್ಣದ ಚಿಪ್ಪುಗಳು ಇಂಥ ಕೆಸರಿನಲ್ಲಿ ಎಷ್ಟೋ ಸಲ ಕರಗಿಹೋಗುತ್ತವೆ, ಕ್ವಾರ್ಟ್ಜ್ ಉಳಿಯುತ್ತದೆ. ಇವು ಸಿಕ್ಕ ಪದರಗಳು ಮೂಡಿದಾಗ ತಳದಲ್ಲಿ ಸ್ವಲ್ಪವಾದರೂ ಆಮ್ಲಜನಕ ಇದ್ದಿರಬೇಕೆಂಬುದು ಅವರ ವಾದ.

ಸ್ವಲ್ಪ ಎಂದರೆ ಎಷ್ಟು? ಒಂದು ಪ್ರಚಲಿತ ವಿಂಗಡಣೆಯಂತೆ ಲೀಟರ್ ನೀರಿಗೆ 2 ಮಿಲಿಲೀಟರ್‌ಗಿಂತ ಹೆಚ್ಚು ಕರಗಿದ ಆಮ್ಲಜನಕವಿದ್ದರೆ ಅದು ಸಮೃದ್ಧ, 0.2ರಿಂದ 2ರವರೆಗೆ ಕೊರತೆಯ ಸ್ಥಿತಿ. ಕವಚಗಳಿಂದ ನಿಖರ ಅಂಕಿಯನ್ನು ಪಡೆಯಲಾಗದು, ಅಂಥ ಒಂದು ವ್ಯಾಪ್ತಿಯನ್ನು ಊಹಿಸಬಹುದು ಅಷ್ಟೇ.

ಈ ವಾದಕ್ಕೆ ಎರಡು ತೊಡಕುಗಳಿವೆ. ಕೆಲವು ಫೊರಾಮಿನಿಫೆರಾಗಳು ಆಮ್ಲಜನಕದ ಬದಲು ನೈಟ್ರೇಟ್ ಬಳಸಿ ಉಸಿರಾಡಬಲ್ಲವೆಂದು 2006ರಲ್ಲಿ ಗೊತ್ತಾಯಿತು. ಆದ್ದರಿಂದ ಕವಚ ಕಂಡ ಕೂಡಲೇ ಆಮ್ಲಜನಕವಿತ್ತೆಂದು ಬರೆದುಬಿಡುವಂತಿಲ್ಲ. ಅಲ್ಲದೆ ಅದುಮಿದ ಶೇಲ್‌ನ ಒಂದೇ ಮಿಲಿಮೀಟರ್‌ನಲ್ಲಿ ದೀರ್ಘ ಕಾಲ ಅಡಗಿರಬಹುದಾದ್ದರಿಂದ, ನಡುವೆ ಕೆಲವೇ ವರ್ಷ ಆಮ್ಲಜನಕ ಬಂದುಹೋದರೂ ಕವಚಗಳು ಉಳಿದಿರುತ್ತವೆ. ಹಾಗಾಗಿ ಅದೇ ಪದರದ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಗುಳಿಗೆಗಳನ್ನೂ ಅಳೆಯುತ್ತಾರೆ: ಸರಾಸರಿ ಸುಮಾರು 5 ಮೈಕ್ರಾನ್‌ನಷ್ಟು ಸಣ್ಣದಾಗಿದ್ದು ಒಂದೇ ಗಾತ್ರದಲ್ಲಿದ್ದರೆ ಅವು ಹೈಡ್ರೋಜನ್ ಸಲ್ಫೈಡ್ ತುಂಬಿದ ನೀರಿನಲ್ಲೇ ಮೂಡಿದ ಸಾಧ್ಯತೆ ಹೆಚ್ಚು, ಗಾತ್ರ ಹಿರಿದಾಗಿದ್ದು ಏರುಪೇರಾಗಿದ್ದರೆ ಕೆಸರಿನೊಳಗೆ ಬೆಳೆದವು, ಮೇಲಿನ ನೀರಿನಲ್ಲಿ ಆಮ್ಲಜನಕವಿದ್ದಿರಬಹುದು.