ಗದಗಿನಿಂದ ಕಥೆ ಕಳಿಸಿದವರಿಗೆ

ನಮಸ್ಕಾರ.

ಡುಶೆನ್ ಎಂಬ ಆನುವಂಶಿಕ ಸ್ನಾಯುಕ್ಷಯ ತಗುಲಿದ ಹುಡುಗನನ್ನು ಕುರಿತ ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ.

6ನೇ ವಯಸ್ಸಿನಲ್ಲಿ ಮುಳಗುಂದ ನಾಕಾದ ಬಳಿ ಎಡವಿ ಬಿದ್ದ ಹುಡುಗ ಮರುಪುಟದಲ್ಲೇ ಹಾಸಿಗೆ ಹಿಡಿದಿದ್ದಾನೆ. ಈ ಕಾಯಿಲೆಗೆ ನಿಮ್ಮಷ್ಟು ಅವಸರವಿಲ್ಲ. ಮೊದಮೊದಲು ಹುಡುಗ ಮೇಲಿಂದ ಮೇಲೆ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ. ನೆಲದಿಂದ ಏಳುವಾಗ ಮೊಣಕಾಲಿಗೆ, ಆಮೇಲೆ ತೊಡೆಗೆ ಕೈಯೂರಿ ತನ್ನ ಮೈಯನ್ನು ತಾನೇ ಹತ್ತುತ್ತಾನೆ. ಇಂಗ್ಲೆಂಡಿನ ವೈದ್ಯ ಗವರ್ಸ್ 1879ರಲ್ಲೇ ವಿವರಿಸಿದ ಲಕ್ಷಣವಿದು. ಇದಕ್ಕೆ ಅರ್ಧ ಪುಟ ಕೊಡಬೇಕಿತ್ತು. ನೀವು ‘ಕಡ್ಡಿಯಂಥ ಕಾಲು’ ಎಂದು ಮುಗಿಸಿದ್ದೀರಿ. ಈ ವಯಸ್ಸಿನಲ್ಲಿ ಮೀನಖಂಡ ದಪ್ಪಗೆ ಕಾಣುತ್ತದೆ. ಸ್ನಾಯು ಕರಗಿದ ಕಡೆ ಕೊಬ್ಬು ತುಂಬಿಕೊಳ್ಳುತ್ತಿರುತ್ತದೆ. ‘ಪೈಲ್ವಾನನ ಕಾಲು’ ಎಂದು ಅಜ್ಜ ಹಿಗ್ಗುವಂತೆ ಬರೆದು ನೋಡಿ. ನಮ್ಮ ಕಡೆಯ ಅಜ್ಜಂದಿರು ಹಾಗೆ ಅನ್ನದೇ ಇರುವವರಲ್ಲ.

10-12ರ ಹೊತ್ತಿಗೆ ಗಾಲಿಕುರ್ಚಿ. ಮುಂದೆ ಬೆನ್ನು ಬಾಗುತ್ತದೆ, ತುತ್ತೆತ್ತುವ ಕೈ ಸೋಲುತ್ತದೆ, ಕೊನೆಗೆ ಉಸಿರು, ಹೃದಯ. ಸ್ಟೀರಾಯ್ಡ್ ಮತ್ತು ಉಸಿರಾಟದ ಯಂತ್ರದ ನೆರವಿನಿಂದ 30 ದಾಟಿದವರೂ ಇದ್ದಾರೆ. ಆದರೆ ಸ್ಪರ್ಶ ಹೋಗುವುದಿಲ್ಲ. ಸೊಳ್ಳೆ ಕಚ್ಚಿದ್ದು ನಿಮ್ಮ ಹುಡುಗನಿಗೆ ಗೊತ್ತೇ ಆಗಲಿಲ್ಲ ಎಂದಿದ್ದೀರಿ. ಗೊತ್ತಾಗುತ್ತದೆ, ಹೊಡೆಯಲು ಕೈ ಏಳುವುದಿಲ್ಲ.

ಕುಡುಕ ತಂದೆಯ ಪಾಪ ಮಗನಿಗೆ ಬಂತು ಎಂಬ ಸಾಲನ್ನು ಹೊಡೆದುಹಾಕಿ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ತಂದೆ ಅದನ್ನು ಮಗನಿಗೆ ಕೊಡುವುದಿಲ್ಲ. ತಾಯಿ ಆ ದೋಷವನ್ನು ಹೊತ್ತ ವಾಹಕಳಾಗಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧದಷ್ಟು ಸಾಧ್ಯತೆ. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ದೋಷ ಹೊಸದಾಗಿಯೇ ಹುಟ್ಟಿರುತ್ತದೆ. ತನ್ನ ತಂಗಿಯೂ ವಾಹಕಳೋ ಏನೋ ಎಂಬ ಅಳುಕು ಹುಡುಗನ ಅವ್ವನ ಮನಸ್ಸನ್ನು ಹೊಕ್ಕರೆ, ಹುಬ್ಬಳ್ಳಿಯಲ್ಲಿ ಆ ತಂಗಿಯ ಮದುವೆಯ ಮಾತುಕತೆ ನಡೆಯುವ ನಿಮ್ಮ ಮೂರನೆಯ ಭಾಗ ಎಂಥದಾಗಬಹುದಿತ್ತು! ಸದ್ಯ ಅಲ್ಲಿರುವುದು ಊಟದ ವರ್ಣನೆ (ಅದೇನೋ ಚೆನ್ನಾಗಿದೆ).

ವೀರನಾರಾಯಣ ಗುಡಿಯ ಕಂಬ ಹಿಡಿದು ಹುಡುಗ ಎದ್ದು ನಿಲ್ಲುವ ಕೊನೆ ಬೇಡವೇ ಬೇಡ. ನಾನು ಪೂರ್ತಿ ನಂಬಿದ್ದು ಒಂದೇ ಸಾಲನ್ನು: ‘ಮಗ ಭಾರವಾದ, ಅವ್ವ ಸಣ್ಣಗಾದಳು, ಶಾಲೆಯ ಮೂರು ಮೆಟ್ಟಿಲು ಮಾತ್ರ ಅಷ್ಟೇ ಇದ್ದವು.’ ಅದೇ ಮೆಟ್ಟಿಲುಗಳ ಎದುರು ಅವರಿಬ್ಬರನ್ನು ಅವನ 7ಕ್ಕೆ, 11ಕ್ಕೆ, 15ಕ್ಕೆ ನಿಲ್ಲಿಸಿ, ಮತ್ತೆ ಬರೆದು ಕಳಿಸಿ. ದೀಪಾವಳಿ ಸಂಚಿಕೆಗೆಂದು ಧಾವಂತ ಬೇಡ. ಅದರ ಪುಟಗಳು ಆಗಲೇ ತುಂಬಿವೆ.

ಸಂಪಾದಕ, ಧಾರವಾಡ