ಓದುಗರ ಪ್ರಶ್ನೆ: ವೋಲ್ಟೇಜ್ ಇಳಿದಾಗ ಹೀಟರ್ ಆಂಪ್ಸ್ ಇಳಿಯುತ್ತದೆ, ಪಂಪಿನದ್ದು ಏರುತ್ತದೆ, ಯಾಕೆ?

ಪ್ರಶ್ನೆ: ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಸಂಜೆಯಾದರೆ ವೋಲ್ಟೇಜ್ 230ರಿಂದ 180ಕ್ಕೆ ಇಳಿಯುತ್ತದೆ. ನಮ್ಮ 1500 ವ್ಯಾಟ್ ಹೀಟರ್ ರಾಡ್ 230ರಲ್ಲಿ 6.5 ಆಂಪ್ಸ್ ಎಳೆಯುತ್ತಿತ್ತು, 180ರಲ್ಲಿ 5.1 ಎಳೆಯುತ್ತದೆ. ಅದೇನೋ ಸರಿ. ಆದರೆ ತೋಟದ 1 ಎಚ್‌ಪಿ ಸಿಂಗಲ್ ಫೇಸ್ ಪಂಪು 230ರಲ್ಲಿ 6.5, 180ರಲ್ಲಿ 8 ಆಂಪ್ಸ್ ತೋರಿಸುತ್ತದೆ. ವೋಲ್ಟೇಜ್ ಕಡಿಮೆಯಾದರೆ ಆಂಪ್ಸ್ ಕೂಡ ಕಡಿಮೆಯಾಗಬೇಕಲ್ವಾ? ನನ್ನ ಕ್ಲ್ಯಾಂಪ್ ಮೀಟರ್ ಕೆಟ್ಟಿದೆಯಾ?

ಉತ್ತರ: ಮೀಟರ್ ಚೆನ್ನಾಗಿಯೇ ಇದೆ. ಮೊದಲು ಹೀಟರ್ ಲೆಕ್ಕ ಮುಗಿಸೋಣ.

ರೋಧ ಬೇಕಾದರೆ ವೋಲ್ಟೇಜನ್ನು ಆಂಪ್ಸಿನಿಂದ ಭಾಗಿಸಬೇಕು. 230ನ್ನು 6.5ರಿಂದ ಭಾಗಿಸಿದರೆ ಸುಮಾರು 35 ಓಮ್. ಸಂಜೆಯ 180ನ್ನು 5.1ರಿಂದ ಭಾಗಿಸಿ ನೋಡಿ, ಆಗಲೂ 35. ಹೀಟರ್ ಒಳಗಿನ ನೈಕ್ರೋಮ್ ತಂತಿ ಬಿಸಿಯಾದರೂ ಅದರ ರೋಧ ಹೆಚ್ಚೇನೂ ಬದಲಾಗುವುದಿಲ್ಲ. ಪ್ಲಗ್ ಕಿತ್ತು ಮಲ್ಟಿಮೀಟರ್ ಹಿಡಿದರೂ ಹೆಚ್ಚುಕಡಿಮೆ ಇದೇ ಸಂಖ್ಯೆ ಬರುತ್ತದೆ.

ಪವರ್ ಬೇಕಾದರೆ ಎರಡನ್ನೂ ಗುಣಿಸಬೇಕು. 230 ಗುಣಿಲೆ 6.5 ಅಂದರೆ 1495 ವ್ಯಾಟ್. ಅಂದರೆ ನಿಮ್ಮ ರಾಡ್ ಮೇಲೆ ಬರೆದಿರುವುದು ಸುಳ್ಳಲ್ಲ. ಸಂಜೆ 180 ಗುಣಿಲೆ 5.1, ಬರೀ 918 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇ 22, ಪವರ್ ಇಳಿದದ್ದು ಶೇ 39. ವೋಲ್ಟೇಜ್ ಜೊತೆ ಆಂಪ್ಸ್ ಕೂಡ ಇಳಿಯುವುದರಿಂದ ಏಟು ಎರಡು ಕಡೆಯಿಂದ ಬೀಳುತ್ತದೆ. 15 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು 21 ನಿಮಿಷ ಸಾಕಾಗುತ್ತಿದ್ದದ್ದು ಈಗ 34 ನಿಮಿಷ ಬೇಕು. ಲೋ ವೋಲ್ಟೇಜಿನಲ್ಲಿ ಬಿಲ್ ಜಾಸ್ತಿ ಬರುತ್ತದೆ ಅಂತ ಹೇಳುವವರಿದ್ದಾರೆ. ಹೀಟರ್ ಮಟ್ಟಿಗೆ ಅದು ಸುಮ್ನೆ ಮಾತು. ಎರಡೂ ಸಲ ಅರ್ಧ ಯೂನಿಟ್ಟಿನಷ್ಟೇ. ನೀರು ಕಾಯುವುದು ತಡವಾದಷ್ಟೂ ಬಕೆಟ್ಟಿನಿಂದ ಹೊರಗೆ ಹೋಗುವ ಬಿಸಿ ಮಾತ್ರ ಸ್ವಲ್ಪ ಹೆಚ್ಚು. (6.5 ಆಂಪ್ಸ್ ಎಳೆಯುವ ರಾಡನ್ನು 6 ಆಂಪ್ಸಿನ ಸಾಕೆಟ್ಟಿಗೆ ಹಾಕಿದ್ದರೆ ಇವತ್ತೇ 16ರದ್ದಕ್ಕೆ ಬದಲಿಸಿ.)

ಈಗ ಪಂಪಿಗೆ ಬರೋಣ. 230ನ್ನು 6.5ರಿಂದ ಭಾಗಿಸಿದರೆ ಇಲ್ಲೂ 35 ಬರುತ್ತದೆ. ಆದರೆ ಅದು ತಂತಿಯ ರೋಧವಲ್ಲ. ಸಪ್ಲೈ ತೆಗೆದು ವೈಂಡಿಂಗಿಗೆ, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿಗೆ, ಮಲ್ಟಿಮೀಟರ್ ಹಿಡಿದರೆ ಕೆಲವೇ ಓಮ್ ತೋರಿಸುತ್ತದೆ. ಮೋಟಾರ್ ತಿರುಗುವಾಗ ಅದರೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟುತ್ತದೆ. ಆಂಪ್ಸನ್ನು ಮುಖ್ಯವಾಗಿ ತಡೆದು ಹಿಡಿಯುವುದು ಅದೇ.

ವೋಲ್ಟೇಜ್ ಇಳಿಯಿತು ಅಂತ ಪಂಪಿನ ಕೆಲಸ ಕಡಿಮೆಯಾಗುವುದಿಲ್ಲ. ಬಾವಿಯ ಆಳ ಅಷ್ಟೇ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ. ಮೋಟಾರಿನ ವೇಗ ಸ್ವಲ್ಪ ತಗ್ಗುತ್ತದೆ, ಎದುರು ವೋಲ್ಟೇಜ್ ಕುಗ್ಗುತ್ತದೆ, ಆಂಪ್ಸ್ ಏರುತ್ತದೆ. ಹೀಟರಿಗೆ ಕೊಟ್ಟಷ್ಟೇ ಊಟ. ಪಂಪು ಹಾಗಲ್ಲ, ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ.

ಪಂಪಿನ ಪವರ್ ಲೆಕ್ಕ ಹಾಕುವಾಗ ವೋಲ್ಟೇಜ್, ಆಂಪ್ಸ್ ಎರಡನ್ನೇ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರನ್ನೂ (ಆ ಗುಣಲಬ್ಧದಲ್ಲಿ ನಿಜವಾಗಿ ಪವರ್ ಆಗುವ ಪಾಲು) ಗುಣಿಸಬೇಕು. ಅದು 0.8 ಇದ್ದರೆ 230ರಲ್ಲಿ ನಿಮ್ಮ ಪಂಪು ತಿನ್ನುವುದು ಸುಮಾರು 1200 ವ್ಯಾಟ್. 1 ಎಚ್‌ಪಿ ಅಂದರೆ 746 ವ್ಯಾಟ್ ಅಲ್ವಾ ಅಂತ ಕೇಳಬಹುದು. ಅದು ಶಾಫ್ಟಿಗೆ ಸಿಗುವ ಪವರ್, ಒಳಗೆ ಹೋಗುವುದು ಯಾವಾಗಲೂ ಅದಕ್ಕಿಂತ ಹೆಚ್ಚು.

ಅಪಾಯ ಇರುವುದು ವೈಂಡಿಂಗಿನ ಬಿಸಿಯಲ್ಲಿ. ಆ ಬಿಸಿ ಆಂಪ್ಸಿನ ವರ್ಗದಂತೆ ಏರುತ್ತದೆ. 6.5 ಇದ್ದದ್ದು 8 ಆದರೆ ಒಂದೂವರೆ ಪಟ್ಟು. ಲೋ ವೋಲ್ಟೇಜಿನಲ್ಲಿ ಮೋಟಾರ್ ಸುಡುವುದು ಹೀಗೆ. ಸ್ಟಾರ್ಟ್ ಮಾಡುವಾಗ ಇನ್ನೂ ಕಷ್ಟ. ತಿರುಗಿಸುವ ಬಲ ಶೇ 61ಕ್ಕೆ ಇಳಿದಿರುತ್ತದೆ. ಮೋಟಾರ್ ಗುಂಯ್ ಅನ್ನುತ್ತಾ ತಿರುಗದೇ ನಿಂತರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಸಂಜೆ ಓವರ್‌ಲೋಡ್ ರಿಲೇ (ಆಂಪ್ಸ್ ಮಿತಿ ಮೀರಿದರೆ ಮೋಟಾರನ್ನು ಆಫ್ ಮಾಡುವ ಸಾಧನ) ಟ್ರಿಪ್ ಆಗುತ್ತದೆ ಅಂತ ಅದರ ಸೆಟ್ಟಿಂಗ್ ಏರಿಸುವುದಂತೂ ಬೇಡವೇ ಬೇಡ. ಮೋಟಾರಿನ ತಗಡಿನ ಪಟ್ಟಿಯಲ್ಲಿ ಎಷ್ಟು ಆಂಪ್ಸ್ ಅಂತ ಬರೆದಿದೆಯೋ ಅಲ್ಲೇ ಇರಲಿ.

ಅಳೆಯುವಾಗ ಎರಡು ವಿಷಯ ನೆನಪಿಡಿ. ಕ್ಲ್ಯಾಂಪನ್ನು ಒಂದೇ ವೈರಿಗೆ ಹಾಕಬೇಕು, ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ವೋಲ್ಟೇಜನ್ನು ಲೋಡ್ ಓಡುತ್ತಿರುವಾಗಲೇ ನೋಡಿ, ಆನ್ ಮಾಡಿದ ಮೇಲೆ ಅದು ಇನ್ನಷ್ಟು ಇಳಿದಿರುತ್ತದೆ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. 60 ವ್ಯಾಟಿನ ಹಳೇ ಬಲ್ಬಿನ ರೋಧ ಲೆಕ್ಕದಲ್ಲಿ 880 ಓಮ್ ಬರುತ್ತದೆ, ಮಲ್ಟಿಮೀಟರ್ 65 ತೋರಿಸುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ. 880 ಅನ್ನುವುದು ಉರಿಯುತ್ತಿರುವ ಬಲ್ಬಿನದ್ದು, 65 ತಣ್ಣಗಿರುವಾಗಿನದ್ದು. ಟಂಗ್‌ಸ್ಟನ್ ತಂತಿ ಸುಮಾರು 2500 ಡಿಗ್ರಿ ತನಕ ಕಾಯುತ್ತದೆ, ರೋಧ ಹನ್ನೆರಡು ಹದಿಮೂರು ಪಟ್ಟು ಏರುತ್ತದೆ. ಸ್ವಿಚ್ ಹಾಕಿದ ಕ್ಷಣ ತಂತಿ ಇನ್ನೂ ತಣ್ಣಗಿರುತ್ತದೆ, ಆಗ ಮೂರೂವರೆ ಆಂಪ್ಸ್ ನುಗ್ಗುತ್ತದೆ. ಹಳೇ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಟಪ್ ಅಂತ ಹೋಗುತ್ತಿದ್ದದ್ದು ಅದಕ್ಕೇ. ಎಲ್‌ಇಡಿ ಬಲ್ಬಿಗೆ ಮಾತ್ರ ಈ ಲೆಕ್ಕ ಹಾಕಬೇಡಿ, ಅದರೊಳಗೆ ಬೇರೆಯೇ ಡ್ರೈವರ್ ಸರ್ಕ್ಯೂಟ್ ಇರುತ್ತದೆ.