ಹಳೆಯ ಎಚ್.ಎಂ.ಟಿ. ಜನತಾ ವಾಚಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ?

ತಂದೆಯವರ ಕೀಲಿ ಕೊಡುವ ಜನತಾ ವಾಚು ಬಿದ್ದು ಅತ್ತಿತ್ತ ತೂಗುತ್ತಾ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಸ್ಟಾಫ್ (ಅದರ ಸಣ್ಣ ಅಚ್ಚು) ಮುರಿದಿದೆ, ಅಂಗಡಿಯವರು ಸ್ಪೇರ್ ಬರುವುದಿಲ್ಲವೆಂದು ಬ್ಯಾಟರಿ ಮೆಷಿನ್ ಹಾಕಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಿಸಬೇಡಿ. ದಾವಣಗೆರೆಯಲ್ಲಿ ನನಗೂ ಇದೇ ಸಲಹೆ ಸಿಕ್ಕಿತ್ತು. ಒಪ್ಪಿಕೊಂಡು, ಬಿಚ್ಚಿದ ಹಳೆಯ ಮೆಷಿನ್ನನ್ನು ಕೇಳಿ ಪಡೆಯದೆ ಬಂದದ್ದರಿಂದ ಇಂದು ನನ್ನ ಬಳಿ ಮೂಲದ್ದೆಂದು ಉಳಿದಿರುವುದು ಕೇಸು ಮತ್ತು ಡಯಲ್ ಮಾತ್ರ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್.ಎಂ.ಟಿ. ವಾಚ್ ಉದ್ಯಮವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿದ್ದರಿಂದ, ಕಂಪನಿಯ ಹೊಸ ಸ್ಪೇರ್ ನೆಚ್ಚಿ ಕೂರುವಂತಿಲ್ಲ. ಆದರೆ ಜನತಾ, ಪೈಲಟ್ ಎಂಬ ಹೆಸರುಗಳು ಡಯಲ್‌ಗೆ ಸೇರಿದವು; ಒಳಗಿರುವುದು ಬಹುಮಟ್ಟಿಗೆ 0231 ಎಂಬ ಒಂದೇ 17 ಜ್ಯುವೆಲ್ (ಸವೆತ ತಡೆಯುವ ಹರಳು) ಮೆಷಿನ್. ಹಿಂಬದಿ ಮುಚ್ಚಳ ತೆಗೆಸಿ ಮೆಷಿನ್ ಮೇಲಿನ ಸಂಖ್ಯೆಯನ್ನು ಮೊದಲು ಬರೆದುಕೊಳ್ಳಿ. ಅಂಗಡಿಯಲ್ಲಿ ಹೇಳಬೇಕಾದದ್ದು ವಾಚಿನ ಹೆಸರಲ್ಲ, ಆ ಸಂಖ್ಯೆ.

ಸ್ಟಾಫ್ ಒಂದನ್ನೇ ಹುಡುಕಬೇಡಿ. ಅದರ ತುದಿ ಸುಮಾರು 0.1 ಮಿಲಿಮೀಟರ್ ದಪ್ಪ. ಮುರಿದದ್ದನ್ನು ಬಿಡಿಸಿ ಹೊಸದನ್ನು ಕೂರಿಸುವ ಕೈ ಈಗ ಅಪರೂಪ. ಅದೇ ಸಂಖ್ಯೆಯ ಕೆಟ್ಟ ವಾಚೊಂದನ್ನು ಕೊಂಡು, ಚಕ್ರ, ಸ್ಟಾಫ್, ಚಕ್ರವನ್ನು ತೂಗಿಸುವ ಎಳೆಯಂಥ ಸುರುಳಿಯಾದ ಹೇರ್‌ಸ್ಪ್ರಿಂಗ್ ಮೂರನ್ನೂ ಒಟ್ಟಾಗಿ ಬದಲಾಯಿಸುವುದೇ ಲೇಸು, ಏಕೆಂದರೆ ಅವು ಒಂದಕ್ಕೊಂದು ಹೊಂದಿಸಿಯೇ ಬಂದಿರುತ್ತವೆ. ಕೊಳ್ಳುವ ಮುನ್ನ ವಾಚನ್ನು ಮೆಲ್ಲಗೆ ಅಲುಗಿಸಿ ನೋಡಿ: ಚಕ್ರ ಓಲಾಡದೆ ಸಲೀಸಾಗಿ ತೂಗಬೇಕು, ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದನ್ನೊಂದು ಮುಟ್ಟದೆ ಸಮನಾಗಿ ಹರಡಿರಬೇಕು. ಹೊಸದಾಗಿ ಬಣ್ಣ ಬಳಿದ ಡಯಲ್‌ನ ವಾಚುಗಳನ್ನು ಸಂಗ್ರಾಹಕರು ದೂರವಿಡುತ್ತಾರೆ. ನಿಮಗೆ ಬೇಕಾದದ್ದು ಒಳಗಿನ ಮೆಷಿನ್ ಆದ್ದರಿಂದ ಅಂಥದೇ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ.

ಮೊದಲು ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಸುತ್ತಮುತ್ತ ವಯಸ್ಸಾದ ರಿಪೇರಿಯವರನ್ನು ವಿಚಾರಿಸಿ. ಗಿರಾಕಿಗಳು ವಾಪಸು ಒಯ್ಯದ ವಾಚುಗಳು ಇಂಥವರ ಡಬ್ಬಿಗಳಲ್ಲಿ ಇರುವುದುಂಟು. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಭಾನುವಾರದ ಸಂತೆಗೆ ಬೆಳಿಗ್ಗೆಯೇ ಹೋಗಿ. ಗಾಜು, ಬೆಲ್ಟುಗಳಿಗೆ ಇಷ್ಟು ಅಲೆದಾಟ ಬೇಡ, ಅಳತೆ ಕೊಟ್ಟರೆ ಊರಿನಲ್ಲೇ ಹಾಕಿಕೊಡುತ್ತಾರೆ.

ಚಕ್ರ ಬದಲಾಯಿಸುವಾಗಲೇ ಮೆಷಿನ್ ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಲು ಹೇಳಿ. ಬಿಡಿಭಾಗಕ್ಕಾಗಿ ಕೊಂಡ ವಾಚಿನ ಉಳಿದ ಮೆಷಿನ್ನನ್ನು ಒಂದು ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬನ್ನಿ. ಮುಂದೆ ಕೀಲಿ ಕೊಡುವ ಸ್ಟೆಮ್ (ತಿರುಪಿನ ಕಡ್ಡಿ) ಮುರಿದರೆ ಅದೇ ಬೇಕಾಗುತ್ತದೆ.